ಬಿಸಿಯಾದರೆ ಅಂಬಾಸಿಡರ್ ನಿಲ್ಲುತ್ತದೆ, ಕಾಯಿಲ್ (ಪ್ಲಗ್ಗಿನ ಕಿಡಿಗೆ ಹೈ ವೋಲ್ಟೇಜ್ ಕೊಡುವ ಭಾಗ) ಬದಲಿಸಲಾ?

ಬದಿಯಡ್ಕದಿಂದ: ಅಪ್ಪನ ಹಳೇ ಪೆಟ್ರೋಲ್ ಅಂಬಾಸಿಡರ್ ಸರಿ ಮಾಡಿಸುತ್ತಿದ್ದೇನೆ. ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ, ಕಾಸರಗೋಡು ತಲುಪುವಷ್ಟರಲ್ಲಿ ಮಿಸ್ಸಿಂಗ್ ಶುರುವಾಗಿ ನಿಲ್ಲುತ್ತದೆ, ತಣ್ಣಗಾದರೆ ಮತ್ತೆ ಸರಿ. ಪಾಯಿಂಟ್ (ಕಾಯಿಲಿನ ಕರೆಂಟ್ ಕಡಿದು ಜೋಡಿಸುವ ಸ್ವಿಚ್) ಹೊಸದು, ಆದರೂ ಆಗಲೇ ಸುಟ್ಟು ನೀಲಿಯಾಗಿದೆ.

ಕುಂಬಳೆಯಿಂದ: ನಿಲ್ಲಿ ಅಣ್ಣಾ, ಸುಮ್ನೆ ದುಡ್ಡು ಹಾಕಬೇಡಿ. ಪಾಯಿಂಟ್ ಇಷ್ಟು ಬೇಗ ನೀಲಿಯಾದರೆ ಒಂದೋ ಕಂಡೆನ್ಸರ್ (ಪಾಯಿಂಟ್ ಸುಡದ ಹಾಗೆ ಕಾಯುವ ಸಣ್ಣ ಭಾಗ) ಹೋಗಿರುತ್ತದೆ, ಇಲ್ಲಾಂದ್ರೆ ಕಾಯಿಲ್ ಜಾಸ್ತಿ ಕರೆಂಟ್ ಎಳೆಯುತ್ತಿರುತ್ತದೆ. ವಯರ್ ಬಿಚ್ಚಿ ಕಾಯಿಲಿನ ಎರಡು ಸಣ್ಣ ಟರ್ಮಿನಲ್ ನಡುವೆ ಮಲ್ಟಿಮೀಟರ್ ಇಟ್ಟು ನೋಡಿ. ಬ್ಯಾಲಸ್ಟ್ (ಕಾಯಿಲಿಗೆ ಹೋಗುವ ಕರೆಂಟ್ ತಗ್ಗಿಸುವ ರೆಸಿಸ್ಟರ್) ಇಲ್ಲದ ಗಾಡಿಗೆ ಸುಮಾರು 3 ಓಮ್ ಬರಬೇಕು. ಒಂದೂವರೆ ಬಂದರೆ ಅದು ಬ್ಯಾಲಸ್ಟ್ ರೆಸಿಸ್ಟರ್ ಜೊತೆ ಹಾಕುವ ಕಾಯಿಲ್, ಬ್ಯಾಲಸ್ಟ್ ಇಲ್ಲದಿದ್ದರೆ ನಿಮ್ಮ ಗಾಡಿಗೆ ಆಗುವುದಲ್ಲ.

ಉಪ್ಪಳದಿಂದ: ಹೌದು, ಆದರೆ ಗಾಡಿ ನಿಂತ ಕೂಡಲೇ, ಬಿಸಿ ಇರುವಾಗಲೂ ಒಮ್ಮೆ ಅಳೆಯಿರಿ, ತಣ್ಣಗಿರುವಾಗ ಕೆಟ್ಟ ಕಾಯಿಲೂ ಸರಿಯಾಗೇ ತೋರಿಸಬಹುದು. ಪಾಯಿಂಟ್ ಗ್ಯಾಪ್ ಸುಮಾರು 0.4 ಮಿ.ಮೀ. ಇಡಿ. ಡಿಸ್ಟ್ರಿಬ್ಯೂಟರ್ (ಒಂದೊಂದೇ ಪ್ಲಗ್ಗಿಗೆ ಕಿಡಿ ಹಂಚುವ ಭಾಗ) ಕ್ಯಾಪಿನ ಒಳಗೂ ನೋಡಿ. ನಮ್ಮ ಕಡಲ ಬದಿಯ ಮಳೆಗೆ ತೇವ ಹಿಡಿದು ಪೆನ್ಸಿಲ್ ಗೆರೆಯಂಥ ಕಪ್ಪು ಗೆರೆ ಬಿದ್ದಿದ್ದರೆ ಉಜ್ಜಿ ಪ್ರಯೋಜನ ಇಲ್ಲ, ಕ್ಯಾಪೇ ಬದಲಿಸಬೇಕು.

ಬದಿಯಡ್ಕದಿಂದ: 1.6 ಬಂತು! ಬ್ಯಾಲಸ್ಟೂ ಇಲ್ಲ. 3 ಓಮ್ ಕಾಯಿಲ್, ಕಂಡೆನ್ಸರ್, ಪಾಯಿಂಟ್ ಮೂರೂ ಒಟ್ಟಿಗೇ ತರುತ್ತೇನೆ.