ಅಪ್ಪನ ಮಳೆ ಪುಸ್ತಕ, ನನ್ನ ದಿನಚರಿ

ಪ್ರಶ್ನೆ (ಸಕಲೇಶಪುರದ ಕಡೆಯವಳು, ಈಗ ಬೆಂಗಳೂರು):
ನಮ್ಮ ಅಪ್ಪ ಕಾಫಿ ಬೆಳೆಗಾರರು. ದಿನಾ ಬೆಳಿಗ್ಗೆ ಮಳೆಮಾಪಕ ನೋಡಿ ಒಂದು ಲಾಂಗ್ ಬುಕ್‌ನಲ್ಲಿ ಬರೆಯುತ್ತಿದ್ದರು. ‘1 ಇಂಚು 20 ಸೆಂಟ್.’ (ನೂರು ಸೆಂಟ್ ಅಂದರೆ ಒಂದು ಇಂಚು ಮಳೆ.) ಹೆಚ್ಚಿನ ದಿನ ಅಷ್ಟೇ. ಒಮ್ಮೊಮ್ಮೆ ಪಕ್ಕದಲ್ಲಿ ಒಂದು ಸಾಲು. ‘ಹೂಮಳೆ ಬಿದ್ದು ಒಂಬತ್ತನೇ ದಿನ. ತೋಟವೆಲ್ಲ ಬಿಳಿ.’ (ಕಾಫಿ ಹೂ ಅರಳಿಸುವ ಮಳೆಗೆ ನಾವು ಹೂಮಳೆ ಅನ್ನುತ್ತೇವೆ.) ‘ಆಶ್ಲೇಷ ಜೋರು. ಗೌರಿ ಕರು ಹಾಕಿತು, ಹೆಣ್ಣು.’ ಅಪ್ಪ ಹೋದ ಮೇಲೆ ಆ ಪುಸ್ತಕ ನನ್ನ ಹತ್ತಿರ ಇದೆ. ತೆರೆದರೆ ಅವರ ದನಿಯೇ ಕೇಳುತ್ತದೆ.

ನಾನೂ ಬರೆಯಬೇಕು ಅಂತ ಮೂರು ಸಲ ಶುರು ಮಾಡಿದೆ. ‘ಇಂದು ಮನಸ್ಸಿಗೆ ತುಂಬಾ ಬೇಸರವಾಯಿತು’ ಅಂತ ಎರಡು ಪುಟ ತುಂಬುತ್ತದೆ. ವಾರ ಬಿಟ್ಟು ಓದಿದರೆ ಯಾರೋ ಬರೆದ ಹಾಗಿರುತ್ತದೆ. ಅಪ್ಪನ ಒಂದು ಸಾಲಿನಲ್ಲಿ ಅಪ್ಪ ಇದ್ದಾರೆ. ನನ್ನ ಎರಡು ಪುಟದಲ್ಲಿ ನಾನೇ ಇಲ್ಲ. ಬರೆಯುವ ಅಭ್ಯಾಸ ಇರುವವರು ಹೇಳಿ, ಏನು ಮಾಡಲಿ?

ಉತ್ತರ 1 (ನಿವೃತ್ತ ಶಿಕ್ಷಕ, ಧಾರವಾಡ):
ಬೇಸರ ಬರೆಯಿರಿ, ಆದರೆ ಆಗ ನೀವು ಎಲ್ಲಿ ಕೂತಿದ್ದಿರಿ, ಎದುರಿಗೆ ಏನಿತ್ತು, ಅದನ್ನೂ ಬರೆಯಿರಿ. ಪುದುಚೇರಿಯಲ್ಲಿ ಫ್ರೆಂಚರ ದುಭಾಷಿಯಾಗಿದ್ದ ಆನಂದ ರಂಗ ಪಿಳ್ಳೈ 1736ರಿಂದ 1761ರವರೆಗೆ ತಮಿಳಿನಲ್ಲಿ ದಿನಚರಿ ಬರೆದರು. ಯಾವ ಹಡಗು ಬಂತು, ಯಾರು ಯಾರಿಗೆ ಏನಂದರು, ಇಂಥವೇ ಅದರಲ್ಲಿ ಜಾಸ್ತಿ. ಇವತ್ತು ಓದಿದರೂ ಆ ಮನುಷ್ಯ ಎದುರಿಗೆ ಬಂದು ನಿಲ್ಲುತ್ತಾನೆ. ಇನ್ನೊಂದು ಮಾತು, ತಾರೀಕು ಅಚ್ಚಾದ ಡೈರಿ ಬೇಡ. ಖಾಲಿ ಬಿಟ್ಟ ಪುಟ ನೋಡಿದರೆ ಬರೆಯುವ ಮನಸ್ಸೇ ಹೋಗುತ್ತದೆ. ಸುಮ್ನೆ ಒಂದು ನೋಟ್‌ಬುಕ್ ಸಾಕು.

ಉತ್ತರ 2 (ನರ್ಸ್, ಮಸ್ಕತ್):
ನಾನು ರಾತ್ರಿ ಪಾಳಿ ಮುಗಿಸಿ ಬಂದು ಬರೆಯುತ್ತೇನೆ, ವಾರಕ್ಕೆ ಎರಡು ದಿನ ಆದರೆ ಹೆಚ್ಚು. ಮನೆಮಾತು ತುಳು. ಮೊದಮೊದಲು ಎಲ್ಲವನ್ನೂ ಪುಸ್ತಕದ ಕನ್ನಡದಲ್ಲಿ ಬರೆಯುತ್ತಿದ್ದೆ. ಅಮ್ಮ ಫೋನಿನಲ್ಲಿ ‘ಒಣಸ್ ಆಂಡಾ?’ ಅಂದದ್ದನ್ನು ‘ಊಟವಾಯಿತೇ ಎಂದು ವಿಚಾರಿಸಿದರು’ ಅಂತ ಬರೆದರೆ ಅದು ಅಮ್ಮನ ಮಾತೇ ಅಲ್ಲ ಅಲ್ವಾ? ಈಗ ಕಿವಿಗೆ ಬಿದ್ದ ಹಾಗೇ ಬರೆಯುತ್ತೇನೆ. ಬರೆಯಲು ಆಗದ ದಿನ ಕಿಟಕಿಯಾಚೆಯ ಖರ್ಜೂರದ ಮರದ ಚಿತ್ರ ಬಿಡಿಸುತ್ತೇನೆ. ಒಂದೇ ಮರ, ಎಷ್ಟು ಸಲ ಬಿಡಿಸಿದ್ದೇನೋ. ನಿಮ್ಮ ‘ಮನಸ್ಸಿಗೆ ತುಂಬಾ ಬೇಸರವಾಯಿತು’ ನೀವು ಮನೆಯಲ್ಲಿ ಆಡುವ ಮಾತಾ?

ಪ್ರಶ್ನೆ ಕೇಳಿದವಳು:
ಅಲ್ಲ. ನಮ್ಮ ಮನೆಯಲ್ಲಿ ಯಾರೂ ಹಾಗೆ ಹೇಳುವುದಿಲ್ಲ. ‘ಯಾಕೋ ಇವತ್ತು ಸೇರ್ತಿಲ್ಲ’ ಅನ್ನುತ್ತೇವೆ, ಅಷ್ಟೇ.

ನಿನ್ನೆ ರಾತ್ರಿ ಇಲ್ಲಿ ಮಳೆ ಬಂತು. ಮಲಗುವ ಮುಂಚೆ ಟೆರೇಸಿನಲ್ಲಿ ನೆಟ್ಟಗಿನ ಸ್ಟೀಲ್ ಲೋಟ ಇಟ್ಟು ಬಂದಿದ್ದೆ. ಬೆಳಿಗ್ಗೆ ಮಗಳ ಸ್ಕೇಲ್ ಇಳಿಸಿ ನೋಡಿದೆ. ಅಪ್ಪನ ಪುಸ್ತಕದಲ್ಲಿ ಕೊನೆಗೆ ಹನ್ನೊಂದು ಹಾಳೆ ಖಾಲಿ ಉಳಿದಿದೆ. ಅದರಲ್ಲೇ ಬರೆದೆ: ‘50 ಸೆಂಟ್. ಟ್ಯಾಂಕಿನ ಕೆಳಗೆ ಪಾರಿವಾಳ ಎರಡು, ಒದ್ದೆ. ಸ್ಕೇಲ್ ಯಾಕೆ ಅಂತ ಮಗಳು ಕೇಳಿದಳು. ತಾತನ ಕೆಲಸ ಅಂದೆ.’