ಸಾಲ್ಮನ್ ಹೊಳೆಯಲ್ಲಿ ನೀರು ತಿಳಿಯಾಗಿದೆ, ಆದ್ರೂ ಕಲ್ಲಿನ ಮೇಲೆಲ್ಲ ಪಾಚಿ. ಯಾಕೆ?

ತಿಳಿನೀರು:
ಒಂದು ಸಾಲ್ಮನ್ ಹೊಳೆಗೆ ಕೆಲವು ವರ್ಷಗಳಿಂದ ಹೋಗುತ್ತಿದ್ದೇನೆ. ಮೇಲೆ ಅಣೆಕಟ್ಟು ಇದೆ. ಸುತ್ತ ಕಾಡು, ಹೊಲಗದ್ದೆ ಯಾವುದೂ ಇಲ್ಲ. ನೀರು ತಣ್ಣಗೆ, ತಳ ಕಾಣುವಷ್ಟು ತಿಳಿ. ಆದರೆ ಈ ಸಲ ಕಲ್ಲುಗಳ ಮೇಲೆಲ್ಲ ಕಂದು ಬಣ್ಣದ ದಪ್ಪ ಹೊದಿಕೆ ಕೂತಿದೆ, ಕೆಲವು ಕಡೆ ಬಿಳಿಚಿಕೊಂಡ ಬಾಲಗಳು ನೀರಿನಲ್ಲಿ ತೇಲಾಡುತ್ತಿವೆ. ಗೊಬ್ಬರ ಹರಿದು ಬಂದರೆ ಪಾಚಿ ಬೆಳೆಯುತ್ತದೆ ಅಂತ ಓದಿದ್ದೆ. ಇಲ್ಲಿ ಗೊಬ್ಬರ ಎಲ್ಲಿಂದ ಬರಬೇಕು? ಸಾಲ್ಮನ್ ಮೊಟ್ಟೆಗೆ ಏನಾಗುತ್ತೋ ಅನ್ನೋದೇ ನನ್ನ ಚಿಂತೆ.

ಹೊಳೆದಂಡೆ:
ಕೈಯಲ್ಲಿ ಹಿಡಿದು ನೋಡಿದಿರಾ? ಜಾರುವ ಲೋಳೆಯ ಥರ ಇದೆಯೋ, ಒದ್ದೆ ಉಣ್ಣೆಯ ಥರ ಇದೆಯೋ?

ತಿಳಿನೀರು:
ಒದ್ದೆ ಉಣ್ಣೆಯ ಥರವೇ. ಎಳೆದರೂ ಸುಲಭವಾಗಿ ಕೀಳಲಿಲ್ಲ.

ಹೊಳೆದಂಡೆ:
ಹಾಗಾದರೆ ಅದು ಡಿಡಿಮೊ ಇರುವ ಸಾಧ್ಯತೆ ಜಾಸ್ತಿ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮಾತ್ರ ಖಚಿತ. ಇದು ಡಯಾಟಮ್ ಜಾತಿಯ ಪಾಚಿ, ಒಂದೇ ಕೋಶದ ಜೀವಿ. ನಿಮಗೆ ಕಾಣುವ ಉಣ್ಣೆ ಆ ಕೋಶ ಅಲ್ಲ, ಅದು ಕಲ್ಲಿಗೆ ಅಂಟಿಕೊಳ್ಳಲು ಬಿಡುವ ತೊಟ್ಟು.

ಗೊಬ್ಬರದ ಪ್ರಶ್ನೆ ಸರಿಯಾಗಿಯೇ ಕೇಳಿದ್ದೀರಿ. ಡಿಡಿಮೊ ವಿಷಯದಲ್ಲಿ ಲೆಕ್ಕ ತಿರುಗುಮುರುಗು. ಗೊಬ್ಬರದಲ್ಲಿರುವ ಪೋಷಕಾಂಶ ರಂಜಕ (ಫಾಸ್ಫರಸ್), ಅದು ನೀರಿನಲ್ಲಿ ಕರಗಿರುವುದು ಲೀಟರಿಗೆ ಸುಮಾರು 2 ಮೈಕ್ರೋಗ್ರಾಂಗಿಂತಲೂ ಕಡಿಮೆ ಇರುವ ಹೊಳೆಗಳಲ್ಲೇ ಇದು ದಪ್ಪವಾಗಿ ಬೆಳೆಯುತ್ತದೆ. ಬಿಸಿಲು ಚೆನ್ನಾಗಿ ಬೀಳುತ್ತದೆ, ಕೋಶ ಆಹಾರ ಮಾಡಿಕೊಳ್ಳುತ್ತದೆ, ಆದರೆ ಒಡೆದು ಎರಡಾಗಲು ಬೇಕಾದ ರಂಜಕ ಇಲ್ಲ, ಹಾಗಾಗಿ ಮಾಡಿಕೊಂಡ ಆಹಾರವೆಲ್ಲ ತೊಟ್ಟು ಉದ್ದ ಮಾಡುವುದಕ್ಕೇ ಹೋಗುತ್ತದೆ. ಅಣೆಕಟ್ಟು ಇದಕ್ಕೆ ಇನ್ನೂ ಅನುಕೂಲ. ಪ್ರವಾಹ ಬಂದು ಕಲ್ಲು ಉರುಳಿದರೆ ತಾನೇ ಪಾಚಿ ಕಿತ್ತು ಹೋಗೋದು?

ಕೆನಡಾದ ವ್ಯಾಂಕೂವರ್ ದ್ವೀಪದ ಹೊಳೆಗಳಲ್ಲಿ 1980ರ ದಶಕದ ಕೊನೆಗೆ ಇದು ಹೀಗೆ ಕಾಣಿಸಿಕೊಂಡಿತು. 2006ರಲ್ಲಿ ಕ್ವಿಬೆಕ್‌ನ ಮಟಾಪೀಡಿಯಾ ಎಂಬ ಹೆಸರಾಂತ ಸಾಲ್ಮನ್ ನದಿಯಲ್ಲೂ ಬಂತು. ಇನ್ನೊಂದು ಮಾತು. ಪೆಸಿಫಿಕ್ ಸಾಲ್ಮನ್ ಮೊಟ್ಟೆಯಿಟ್ಟು ಹೊಳೆಯಲ್ಲೇ ಸಾಯುತ್ತದೆ, ಸಮುದ್ರದ ರಂಜಕವನ್ನು ತನ್ನ ಮೈಯಲ್ಲಿ ಹೊತ್ತು ತಂದು ಹೊಳೆಗೆ ಕೊಡುತ್ತದೆ. ಮೀನು ಕಡಿಮೆಯಾದರೆ ಆ ರಂಜಕವೂ ಕಡಿಮೆ. ಡಿಡಿಮೊ ಹೆಚ್ಚಲು ಇದೂ ಒಂದು ಕಾರಣ ಇರಬಹುದು ಎಂಬ ವಾದ ಇದೆ, ನನಗೆ ಅದು ಒಪ್ಪುವ ಹಾಗೇ ಕಾಣುತ್ತದೆ.

ಮೊಟ್ಟೆಯ ವಿಷಯ: ಜಲ್ಲಿಯ ಸಂದಿಯಲ್ಲಿ ನೀರು ಹರಿಯುತ್ತಿದ್ದರೆ ಮಾತ್ರ ಅವಕ್ಕೆ ಉಸಿರು, ಹೊದಿಕೆ ದಪ್ಪವಾದರೆ ಅದಕ್ಕೇ ತೊಂದರೆ. ಮೀನು ತಿನ್ನುವ ಹೊಳೆಯ ಹುಳಗಳು ಬದಲಾಗುವುದಂತೂ ನಿಜ. ಮೇಫ್ಲೈ, ಸ್ಟೋನ್‌ಫ್ಲೈ ಮರಿಗಳ ಜಾಗದಲ್ಲಿ ಸಣ್ಣ ನೊರಜಿನ ಮರಿಗಳೇ ತುಂಬಿಕೊಳ್ಳುತ್ತವೆ. ಆದರೆ ಡಿಡಿಮೊ ಬಂದ ಕಡೆಯೆಲ್ಲ ಸಾಲ್ಮನ್ ಕಡಿಮೆಯಾಯಿತು ಎಂದು ಹೇಳೋಕಾಗಲ್ಲ.

ಕಲ್ಲುಜಲ್ಲಿ:
ಇದನ್ನು ಓದಿ ಗೊಬ್ಬರದಿಂದ ಏನೂ ಆಗಲ್ಲ ಅಂತ ಯಾರೂ ತಿಳಿಯಬೇಡಿ, ದಯವಿಟ್ಟು. ಇಂಗ್ಲೆಂಡ್ ಮತ್ತು ವೇಲ್ಸ್ ನಡುವಿನ ವೈ ನದಿ ನೋಡಿ. ಅದೂ ಸಾಲ್ಮನ್ ನದಿಯೇ. ಅದರ ಜಲಾನಯನದಲ್ಲಿ ಎರಡು ಕೋಟಿಗೂ ಹೆಚ್ಚು ಕೋಳಿ ಸಾಕುತ್ತಾರೆ, ಹಿಕ್ಕೆಯನ್ನು ಹೊಲಕ್ಕೆ ಹಾಕುತ್ತಾರೆ, ಮಳೆಗೆ ರಂಜಕ ನದಿಗೆ ಇಳಿಯುತ್ತದೆ. 2020ರ ಬೇಸಿಗೆಯಲ್ಲಿ ನೀರೇ ಹಸಿರಾಗಿಬಿಟ್ಟಿತ್ತು. ತಳಕ್ಕೆ ಬಿಸಿಲು ಬೀಳದೆ ಅಲ್ಲಿನ ನೀರುಗಿಡಗಳು ಹೋದವು, ಮರಿ ಸಾಲ್ಮನ್‌ಗಳಿಗೆ ಅವೇ ಅಡಗುತಾಣ. ಜೊತೆಗೆ ರಾತ್ರಿ ಪಾಚಿಯೂ ಆಮ್ಲಜನಕ ಎಳೆದುಕೊಳ್ಳುತ್ತದೆ, ಬೆಳಗಾಗುವ ಹೊತ್ತಿಗೆ ಮೀನಿಗೆ ಉಳಿಯುವುದು ತೀರಾ ಕಡಿಮೆ. ಮಧ್ಯಾಹ್ನ ಅಳೆದು ಎಲ್ಲ ಸರಿ ಇದೆ ಅನ್ನುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ.

ಅಮೆರಿಕದ ಕ್ಲಾಮತ್ ನದಿಯದು ಬೇರೆಯೇ ಕಥೆ. ಅಲ್ಲಿ ಕ್ಲಾಡೊಫೊರಾ ಎಂಬ ನಾರುಪಾಚಿಯಲ್ಲಿ ಒಂದು ಪುಟ್ಟ ಹುಳ ಮನೆ ಮಾಡುತ್ತದೆ. ಆ ಹುಳದಿಂದ ಹೊರಬರುವ ಪರಾವಲಂಬಿ ಮರಿ ಸಾಲ್ಮನ್‌ಗಳನ್ನು ಕೊಲ್ಲುತ್ತದೆ. ಅಲ್ಲಿನ ನಾಲ್ಕು ಅಣೆಕಟ್ಟುಗಳನ್ನು 2024ರ ಹೊತ್ತಿಗೆ ಒಡೆದು ತೆಗೆದರು, ಅದೇ ವರ್ಷ ಅಕ್ಟೋಬರ್‌ನಲ್ಲಿ ಚಿನೂಕ್ ಸಾಲ್ಮನ್ ಆ ಜಾಗ ದಾಟಿ ಮೇಲೆ ಬಂದವು. ಸುದ್ದಿ ಓದಿ ಕಣ್ಣು ತುಂಬಿ ಬಂತು.

ತಿಳಿನೀರು:
ಇಬ್ಬರಿಗೂ ಧನ್ಯವಾದ. ಮುಂದಿನ ವಾರ ಬೇರೆ ಹೊಳೆಗೆ ಹೋಗಬೇಕು, ಅದೇ ಬೂಟು ಹಾಕಿಕೊಂಡು ಹೋಗಬಹುದಾ?

ಹೊಳೆದಂಡೆ:
ಹಾಗೇ ಹೋಗಬೇಡಿ. ಒಂದು ಹನಿ ನೀರಲ್ಲೂ ಡಿಡಿಮೊ ಸಾಗುತ್ತದೆ. 2004ರಲ್ಲಿ ನ್ಯೂಜಿಲೆಂಡ್‌ನ ವಾಯಾವು ನದಿಯಲ್ಲಿ ಸಿಕ್ಕಿತು, ಆಮೇಲೆ ದಕ್ಷಿಣ ದ್ವೀಪದ ನದಿಯಿಂದ ನದಿಗೆ ಹರಡಿತು. ಒದ್ದೆ ಹಿಡಿದಿಡುವ ಫೆಲ್ಟ್ ಅಡಿಯ ಬೂಟನ್ನೇ ಅಲ್ಲಿ ನಿಷೇಧಿಸಿದರು. ನಿಮ್ಮದು ರಬ್ಬರ್ ಆದರೆ ಹೊಳೆಯ ಹತ್ತಿರವೇ ಅಂಟಿದ್ದನ್ನೆಲ್ಲ ಕಿತ್ತು ಹಾಕಿ, ನೂರಕ್ಕೆ ಐದರಷ್ಟು ಪಾತ್ರೆ ತೊಳೆಯುವ ದ್ರವ ಬೆರೆಸಿದ ನೀರಿನಲ್ಲಿ ಉಜ್ಜಿ. ಪೂರ್ತಿ ಒಣಗಿದ ಮೇಲೂ ಕನಿಷ್ಠ 48 ಗಂಟೆ ಬಿಡಿ. ಲೇಸನ್ನು ಬೇರೆಯಾಗಿ ಬಿಚ್ಚಿ ನೆನೆಹಾಕಿ, ಎಲ್ಲರೂ ಮರೆಯೋದು ಅದನ್ನೇ.