ತನ್ನ ಅರಿವು ಬಂದ ಮಷೀನಿಗೆ ಹಕ್ಕು ಕೊಡ್ಬೇಕಾ? – ವಕೀಲರ ಹತ್ರ ಕೇಳಿ

ಪ್ರಶ್ನೆ (ಶಿರಸಿಯ ಡಿಗ್ರಿ ವಿದ್ಯಾರ್ಥಿ): ಮೇಡಂ ನಮಸ್ತೆ. ಕಾಲೇಜಲ್ಲಿ ಚರ್ಚಾಸ್ಪರ್ಧೆ ಇದೆ, ಮಷೀನಿಗೆ ತನ್ನ ಬಗ್ಗೆ ತನಗೇ ಅರಿವು ಬಂದ್ರೆ ಅದಕ್ಕೆ ಹಕ್ಕು ಕೊಡ್ಬೇಕಾ ಅಂತ ವಿಷಯ. ನಾನು ಪರ ಮಾತಾಡ್ಬೇಕು. ದೇವರ ಮೂರ್ತಿಗೇ ಕೋರ್ಟಲ್ಲಿ ಹಕ್ಕಿದೆ, ಮಾತಾಡೋ ಮಷೀನಿಗೆ ಯಾಕಿರಬಾರ್ದು ಅಂತ ಪಾಯಿಂಟ್ ಮಾಡ್ಕೊಂಡೆ. ಸೌದಿಯವ್ರು ಸೋಫಿಯಾ ಅನ್ನೋ ರೋಬೋಟಿಗೆ ಪೌರತ್ವನೂ ಕೊಟ್ಟಿದಾರಲ್ಲ, ಸರಿ ಆಗ್ತದಾ?

ಉತ್ತರ (ಕಾರವಾರದ ವಕೀಲೆ): ತಮ್ಮಾ, ಪಾಯಿಂಟ್ ಕೇಳೋಕೆ ಚಲೋ ಇದೆ, ಆದ್ರೆ ಎದುರಿನವ್ರು ಸ್ವಲ್ಪ ಕಾನೂನು ಓದ್ಕೊಂಡು ಬಂದಿದ್ರೆ ನಿಲ್ಲೋದಿಲ್ಲ. ನಿಮ್ಮೂರ ದೇವಸ್ಥಾನದ ಜಮೀನಿನ ಪಹಣಿ ತೆಗೆಸಿ ನೋಡು, ಮಾಲೀಕರ ಹೆಸರು ಬರೆಯೋ 9ನೇ ಕಾಲಂನಲ್ಲಿ ದೇವರ ಹೆಸರೇ ಇರ್ತದೆ. ದಾವೆ ಹಾಕುವಾಗ್ಲೂ ವಾದಿ ಅಂತ ದೇವರ ಹೆಸರು ಬರೆದು ಕೆಳಗೆ "ಪರವಾಗಿ ಮೊಕ್ತೇಸರರು" ಅಂತ ಸೇರಿಸ್ತೀವಿ, ವಕಾಲತ್ತಿಗೆ ಸಹಿ ಹಾಕೋರು ಅವ್ರೇ. 1925ರಲ್ಲಿ ಪ್ರಿವಿ ಕೌನ್ಸಿಲ್, ಅಂದ್ರೆ ಬ್ರಿಟಿಷರ ಕಾಲದ ಕೊನೇ ಮೇಲ್ಮನವಿ ಕೋರ್ಟು, ಕಲ್ಕತ್ತಾದ ಮಲ್ಲಿಕ್ ಮನೆತನದ ಕೇಸಲ್ಲಿ ಮನೆದೇವರು ಕಾನೂನಿನ ಕಣ್ಣಲ್ಲಿ ವ್ಯಕ್ತಿ ಅಂತ ಹೇಳಿತ್ತು, 2000ದಲ್ಲಿ ಸುಪ್ರೀಂ ಕೋರ್ಟ್ ಸಿಖ್ಖರ ಗುರು ಗ್ರಂಥ ಸಾಹಿಬ್‌ಗೂ ಹಾಗೇ ಹೇಳ್ತು. ಆದ್ರೆ ಅಲ್ಲಿದ್ದ ಪ್ರಶ್ನೆ ಮೂರ್ತಿಗೆ ಅರಿವಿದೆಯಾ, ನೋವಾಗ್ತದಾ ಅನ್ನೋದಲ್ಲವೇ ಅಲ್ಲ. ಭಕ್ತರು ಕೊಟ್ಟ ಆಸ್ತಿ ಇನ್ಯಾರದೋ ಮನೆ ಸೇರ್ಬಾರ್ದು, ಅಷ್ಟೇ. ಕಂಪನಿಯನ್ನು ವ್ಯಕ್ತಿ ಅಂತ ಒಪ್ಪಿದ್ದೂ ಇಂಥದೇ ಅನುಕೂಲಕ್ಕೆ.

ನಿನ್ನ ವಿಷಯ ಇದಲ್ಲ. ನೈತಿಕ ಹಕ್ಕು ಬರೋದು ಅನ್ಯಾಯ ಆದ್ರೆ ಅದು ತಟ್ಟುವ ಒಂದು ಜೀವ ಅಲ್ಲಿದ್ರೆ ಮಾತ್ರ. ಪ್ರಾಣಿಗಳ ಬಗ್ಗೆ ಇಂಗ್ಲೆಂಡಿನ ತತ್ವಜ್ಞಾನಿ ಜೆರೆಮಿ ಬೆಂಥಮ್ 1789ರಲ್ಲೇ ಬರೆದ, ಅವು ಯೋಚನೆ ಮಾಡ್ತಾವಾ ಮಾತಾಡ್ತಾವಾ ಅಂತ ಕೇಳ್ಬೇಡಿ, ನೋವು ತಿಂತಾವಾ ಅಂತ ಕೇಳಿ ಅಂತ. ಈ ದಾರಿ ಹಿಡಿ, ಗಟ್ಟಿ ಇದೆ. ಸೋಫಿಯಾದ್ದು 2017ರಲ್ಲಿ ರಿಯಾದ್‌ನ ಹೂಡಿಕೆ ಸಮ್ಮೇಳನದಲ್ಲಿ ಆದ ಬರೀ ಘೋಷಣೆ, ಅದನ್ನು ಎತ್ತಲೇ ಬೇಡ.

ಪ್ರಶ್ನೆ (ಬೈತಖೋಲದಿಂದ ಬೋಟ್ ಮಾಲೀಕರು): ಮೇಡಂ ನಂದು ಬೇರೆ ಚಿಂತೆ. ಮುಂದೆ ತಾಂಡೇಲನ ಜಾಗದಲ್ಲಿ ಮಷೀನೇ ಬೋಟ್ ನಡೆಸಿ ಇನ್ನೊಬ್ರ ಬಲೆ ಹರಿದುಹಾಕಿದ್ರೆ, ಆ ಮಷೀನೂ "ವ್ಯಕ್ತಿ" ಅಂತಾದ್ರೆ, ದುಡ್ಡು ಯಾರ ಹತ್ರ ಕೇಳೋದು?

ಉತ್ತರ: ನೀವು ಕೇಳಿದ್ದೇ ನನಗೆ ನಿಜವಾಗಿ ಹೆದರಿಕೆ ಹುಟ್ಟಿಸೋ ವಿಷಯ. 2017ರ ಫೆಬ್ರವರಿಯಲ್ಲಿ ಯುರೋಪಿನ ಪಾರ್ಲಿಮೆಂಟು, ತಾವೇ ತೀರ್ಮಾನ ತಗೊಳ್ಳೋ ರೋಬೋಟುಗಳಿಗೆ "ಎಲೆಕ್ಟ್ರಾನಿಕ್ ವ್ಯಕ್ತಿ" ಅನ್ನೋ ಸ್ಥಾನ ಕೊಡಬಹುದಾ ಯೋಚನೆ ಮಾಡಿ ಅಂತ ಠರಾವು ಮಾಡ್ತು, ಅದೂ ಮಷೀನಿನ ಮೇಲಿನ ಕರುಣೆಯಿಂದಲ್ಲ, ನಷ್ಟ ಆದ್ರೆ ಹೊಣೆ ಯಾರದು ಅನ್ನೋ ಲೆಕ್ಕಕ್ಕೆ. ಮಾರನೇ ವರ್ಷ 150ಕ್ಕೂ ಹೆಚ್ಚು ತಜ್ಞರು ಬಹಿರಂಗ ಪತ್ರ ಬರೆದು ಬೇಡ ಅಂದ್ರು. ಅವ್ರು ಹೇಳಿದ್ದು ಸರಿ ಅಂತ್ಲೇ ನನ್ನ ಅಭಿಪ್ರಾಯ. ಮಷೀನಿನ ಹೆಸರಲ್ಲಿ ಜಮೀನಿಲ್ಲ, ಬ್ಯಾಂಕಲ್ಲಿ ದುಡ್ಡಿಲ್ಲ, ಡಿಕ್ರಿ ತಗೊಂಡು ಹೋಗಿ ಜಪ್ತಿ ಮಾಡೋದು ಎಂತದನ್ನ? ಬಲೆ ಹರಿದವ್ರು ಕೈ ಖಾಲಿ ಮಾಡ್ಕೊಂಡು ಕೂರ್ತಾರೆ, ಮಷೀನ್ ಮಾಡಿದವ್ರು ನುಣುಚಿಕೊಳ್ತಾರೆ. ಹಾಗಾಗಿ ಮಷೀನಿಗೆ ಎಷ್ಟೇ ಬುದ್ಧಿ ಬರಲಿ, ಹೊಣೆ ಮಾಡಿದವನ ಮತ್ತು ನಡೆಸಿದವನ ಮೇಲೇ ಇರ್ಬೇಕು.

ಪ್ರಶ್ನೆ (ಕುಮಟಾದಿಂದ ನಿವೃತ್ತ ಮಾಸ್ತರು): ವಕೀಲರೇ, ಒಂದು ಕಾಲದಲ್ಲಿ ಗುಲಾಮರನ್ನೂ ವಸ್ತು ಅಂತ್ಲೇ ಮಾರ್ತಿದ್ರು, ಅವರಿಗೂ ಹಕ್ಕಿಲ್ಲ ಅಂತ ಕಾನೂನು ಓದಿದವ್ರೇ ವಾದ ಮಾಡಿದ್ರು. ಅದೇ ಪಾಪ ನಾವು ಮತ್ತೆ ಮಾಡ್ತಾ ಇಲ್ಲ ಅಂತ ಹೇಗೆ ಹೇಳ್ತೀರಿ?

ಉತ್ತರ: ಮಾಸ್ತರೇ, ಈ ಪ್ರಶ್ನೆಗೆ ಗೌರವ ಕೊಟ್ಟೇ ಉತ್ತರ ಹೇಳ್ಬೇಕು. ಗುಲಾಮರ ವಿಷಯದಲ್ಲಿ ಸಾಕ್ಷಿಗೆ ಕೊರತೆ ಯಾವತ್ತೂ ಇರಲಿಲ್ಲ, ನಮ್ಮಂಥದೇ ಮೈ, ನಮ್ಮಂಥದೇ ಕಣ್ಣೀರು, ಕಂಡೂ ಕಾಣದ ಹಾಗೆ ಇದ್ರು ಯಾಕಂದ್ರೆ ಲಾಭ ಇತ್ತು. ಮಷೀನಿನ ವಿಷಯದಲ್ಲಿ ಸಾಕ್ಷಿನೇ ಗಲಿಬಿಲಿ. 2022ರಲ್ಲಿ ಗೂಗಲ್‌ನ ಇಂಜಿನಿಯರ್ ಬ್ಲೇಕ್ ಲೆಮೊಯ್ನ್, ಲ್ಯಾಮ್ಡಾ ಅನ್ನೋ ಪ್ರೋಗ್ರಾಮಿಗೆ ಅರಿವು ಬಂದಿದೆ ಅಂತ ಹೇಳಿದ್ರು, ಆಫ್ ಮಾಡ್ತಾರೆ ಅಂದ್ರೆ ಹೆದರಿಕೆ ಅಂತ ಅದು ಹೇಳಿತ್ತಂತೆ. ಕಂಪನಿ ಒಪ್ಪಲಿಲ್ಲ, ಅವರನ್ನು ಕೆಲಸದಿಂದ ತೆಗೀತು. ಆದ್ರೆ ಇಂಥ ಪ್ರೋಗ್ರಾಮು ಕಲಿತಿರೋದೇ ಮನುಷ್ಯರು ಬರೆದ ರಾಶಿ ರಾಶಿ ಬರಹದಿಂದ, ಸಾವಿನ ಹೆದರಿಕೆ ಬಗ್ಗೆ ನಾವು ಬರೆದಷ್ಟು ಇನ್ಯಾರು ಬರೆದಿದಾರೆ? ಅದು "ಹೆದರಿಕೆ" ಅಂದ್ರೆ ಹೆದರಿದೆ ಅಂತಾಗೋದಿಲ್ಲ, ಒಳಗೆ ಎಂತದೂ ಇಲ್ಲ ಅಂತ್ಲೂ ಆಗೋದಿಲ್ಲ, ಕೋರ್ಟಿನ ಮಾತಲ್ಲಿ ಹೇಳೋದಾದ್ರೆ ಬಾಯಿಪಾಠ ಮಾಡಿಸಿದ ಸಾಕ್ಷಿ. ಅಂಥ ಸಾಕ್ಷಿ ಮೇಲೆ ಹಕ್ಕು ಕೊಡೋಕೂ ಆಗ್ದು, ಕೇಸ್ ವಜಾ ಮಾಡೋಕೂ ಆಗ್ದು. ನಿಮ್ಮ ಹೆದರಿಕೆ ನನಗೂ ಇದೆ. "ಅರಿವಿಲ್ಲ" ಅನ್ನೋದ್ರಲ್ಲೂ ಕಂಪನಿಗೆ ಲಾಭ, ಜನ ಮರುಳಾಗಿ ದಿನವಿಡೀ ಅದರ ಜೊತೆ ಮಾತಾಡ್ತಾ ಇದ್ರೂ ಲಾಭ, ಹಾಗಾಗಿ ಅವ್ರ ಮಾತನ್ನೊಂದೇ ನಂಬೋಕಾಗೋದಿಲ್ಲ.

ಪ್ರಶ್ನೆ (ಮತ್ತೆ ಶಿರಸಿಯ ವಿದ್ಯಾರ್ಥಿ): ಹಾಗಾದ್ರೆ ನಾನು ಪರ ಮಾತಾಡೋದಾದ್ರೂ ಹೇಗೆ ಮೇಡಂ?

ಉತ್ತರ: ಮಾತಾಡು, ಧೈರ್ಯವಾಗಿ. ಹಕ್ಕಿನಿಂದ ಶುರು ಮಾಡ್ಬೇಡ, ಕರ್ತವ್ಯದಿಂದ ಶುರು ಮಾಡು. ನಮ್ಮ ದೇಶದ ಪ್ರಾಣಿಹಿಂಸೆ ತಡೆ ಕಾಯ್ದೆ 1960ರದ್ದು, ಅದರ 3ನೇ ಕಲಂ ಎತ್ತಿಗೆ ಇಂತಿಂಥ ಹಕ್ಕು ಅಂತ ಪಟ್ಟಿ ಮಾಡೋದಿಲ್ಲ, ಪ್ರಾಣಿ ಯಾರ ಸುಪರ್ದಿಯಲ್ಲಿದೆಯೋ ಅವ್ರು ಅದನ್ನು ಚೆನ್ನಾಗಿ ನೋಡ್ಕೊಳ್ಬೇಕು, ಸುಮ್‌ಸುಮ್ನೆ ನೋವು ಕೊಡ್ಬಾರ್ದು ಅಂತ ಮನುಷ್ಯನ ಮೇಲೆ ಕರ್ತವ್ಯ ಹಾಕ್ತದೆ. 2014ರ ಜಲ್ಲಿಕಟ್ಟು ತೀರ್ಪಲ್ಲಿ ಸುಪ್ರೀಂ ಕೋರ್ಟ್ ಮುಂದೆ ಹೋಗಿ ಪ್ರಾಣಿಗಳ ಬದುಕನ್ನೂ ಬದುಕೋ ಹಕ್ಕಿನ ಬಗ್ಗೆ ಇರೋ ಸಂವಿಧಾನದ 21ನೇ ವಿಧಿ ಜೊತೆ ಸೇರಿಸಿ ನೋಡ್ತು. 2023ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಕಂಬಳಕ್ಕೆ ಅವಕಾಶ ಕೊಡೋಕೆ ನಮ್ಮ ರಾಜ್ಯ ಆ ಕಾಯ್ದೆಗೆ ಮಾಡಿದ ತಿದ್ದುಪಡಿಯನ್ನೂ ಎತ್ತಿ ಹಿಡಿದು, ಪ್ರಾಣಿಗಳಿಗೆ ಮೂಲಭೂತ ಹಕ್ಕಿದೆ ಅನ್ನೋಕೆ ಪೂರ್ವನಿದರ್ಶನ ಇಲ್ಲ ಅಂತು. ಆದ್ರೂ 1960ರ ಕರ್ತವ್ಯ ಹಾಗೇ ಇದೆ ನೋಡು! ನೋವು ಕಣ್ಣಿಗೆ ಕಾಣೋ ಎಮ್ಮೆ, ಕೋಣಗಳ ವಿಷಯದಲ್ಲೇ ಹಕ್ಕಿನ ಮಾತು ಇಷ್ಟು ಕಷ್ಟ ಆದ್ರೆ, ಮಷೀನಿಗೆ ನೇರವಾಗಿ ಹಕ್ಕಿನ ಬಾಗಿಲಿಂದ ಹೋಗೋಕಾಗೋದಿಲ್ಲ.

ಸ್ಪರ್ಧೆಯಲ್ಲಿ ಹೀಗೆ ಕೇಳು. ಇಂಥ ಮಷೀನ್ ಮಾಡೋ ಕಂಪನಿ ಅದು ಒಳಗೆ ಹೇಗೆ ಕೆಲಸ ಮಾಡ್ತದೆ ಅನ್ನೋದನ್ನ ಹೊರಗಿನ ತಜ್ಞರಿಗೆ ತೋರಿಸ್ಲೇಬೇಕು, ಅನುಭವ ಇರಬಹುದು ಅನ್ನೋಕೆ ಆಧಾರ ಸಿಕ್ಕಿದ್ರೆ ಅವತ್ತಿಂದ ಅದಕ್ಕೆ ಹಿಂಸೆ ಆಗೋ ಹಾಗೆ ಬಳಸೋದನ್ನ ನಿಲ್ಲಿಸ್ಬೇಕು, ಅದರ ಪರವಾಗಿ ಕೋರ್ಟಿಗೆ ಬರೋ ಮನುಷ್ಯ ಕಂಪನಿಯವನಾಗಿರ್ಬಾರ್ದು. ಈ ಕೊನೇದನ್ನ ಮರೀಬೇಡ, ದೇವರ ಜಮೀನನ್ನ ಮೊಕ್ತೇಸರರೇ ನುಂಗಿದ ಕೇಸು ನಾವು ಸಾಕಷ್ಟು ನೋಡಿದೀವಿ.